ಸತ್ತಿದ್ದು ಪೆಟ್ಟಿಗೆಯಲ್ಲ, ತಂತಿ

ಶಿವಮೊಗ್ಗದಲ್ಲಿ ತುಂಗಾ ಸೇತುವೆ ದಾಟಿ ಬಿ.ಎಚ್. ರಸ್ತೆ ಹಿಡಿದರೆ ವಿದ್ಯಾನಗರ, ಹರಿಗೆ ಕಳೆದು ಮಲವಗೊಪ್ಪ. ಮುಂದೆ ನಿದಿಗೆ, ಮಾಚೇನಹಳ್ಳಿ, ಆಮೇಲೆ ಭದ್ರಾವತಿ. ಇದು ಕಬ್ಬಿಣದ ಗುಣ ಬಲ್ಲವರ ದಾರಿ. ಆ ತುದಿಯಲ್ಲಿ 1923ರಲ್ಲಿ ಉತ್ಪಾದನೆ ಶುರುವಿಟ್ಟ ವಿಶ್ವೇಶ್ವರಯ್ಯನವರ ಕಬ್ಬಿಣದ ಕಾರ್ಖಾನೆ. ನಡುವೆ ಮಾಚೇನಹಳ್ಳಿಯಲ್ಲಿ ವಾಹನಗಳಿಗೆ ಎರಕದ ಬಿಡಿಭಾಗ ಹೊಯ್ಯುವ ಫೌಂಡ್ರಿಗಳು. ಈಚೆಗೆ, ಬಾಗಿಲು ಮುಚ್ಚಿ ಎಷ್ಟೋ ಕಾಲವಾದರೂ ಜನರ ಬಾಯಲ್ಲಿ ಇನ್ನೂ ಉಳಿದಿರುವ ತುಂಗಭದ್ರಾ ಸಕ್ಕರೆ ಕಾರ್ಖಾನೆ. ಇಷ್ಟು ಲಾರಿ, ಬಸ್ಸು, ಟ್ರ್ಯಾಕ್ಟರ್ ಓಡಾಡುವ ರಸ್ತೆಯ ಬದಿಯಲ್ಲಿ ಗ್ಯಾರೇಜು, ಲೇತು, ಬ್ಯಾಟರಿ ಅಂಗಡಿ ಹುಟ್ಟಿಕೊಳ್ಳದೆ ಇರುತ್ತವೆಯೇ? ಬ್ರೇಕ್ ಡ್ರಮ್ಮಿನ ಕೀರಲು ಸದ್ದು ಕೇಳಿಯೇ ಲೈನರ್ ಎಷ್ಟು ಸವೆದಿದೆ ಎಂದು ಹೇಳಬಲ್ಲ ಮಿಸ್ತ್ರಿಗಳು ಇಂಥ ಕಡೆ ಬೆಳೆಯುತ್ತಾರೆ.

ಅಂಥ ಕೈಗಳನ್ನೂ ಈಗ ತಬ್ಬಿಬ್ಬು ಮಾಡುತ್ತಿರುವುದು ಸದ್ದೇ ಇಲ್ಲದ ಒಂದು ರೋಗ. ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಎಬಿಎಸ್ ದೀಪ ಹೊತ್ತಿಕೊಳ್ಳುತ್ತದೆ. ಜೊತೆಗೆ ಸ್ಪೀಡೋಮೀಟರ್ ಮುಳ್ಳು ಸೊನ್ನೆಯಲ್ಲೇ ಮಲಗಿಬಿಡುತ್ತದೆ. ಕೆಲವು ಗಾಡಿಗಳಲ್ಲಿ ಸ್ಟೀರಿಂಗ್ ಭಾರವಾಗುತ್ತದೆ, ಆಟೋಮ್ಯಾಟಿಕ್ ಗೇರು ಒಂದೇ ಹಲ್ಲಿಗೆ ಕಚ್ಚಿಕೊಳ್ಳುತ್ತದೆ. ಬ್ರೇಕು ಮಾತ್ರ ಮಾಮೂಲಿನಂತೆ ಹಿಡಿಯುತ್ತಿರುತ್ತದೆ. ಸ್ಕ್ಯಾನರ್ ಚುಚ್ಚಿದರೆ ‘ಯು 0121’ ಎಂಬ ಕೋಡು, ಅದರ ಮುಂದೆ ‘ಲಾಸ್ಟ್ ಕಮ್ಯುನಿಕೇಶನ್ ವಿತ್ ಎಬಿಎಸ್ ಕಂಟ್ರೋಲ್ ಮಾಡ್ಯೂಲ್’ ಎಂಬ ಸಾಲು. ಅದನ್ನು ಓದಿದ ಕ್ಷಣವೇ ತೀರ್ಪು ಹೊರಬೀಳುತ್ತದೆ: “ಎಬಿಎಸ್ ಯೂನಿಟ್ ಹೋಗಿದೆ ಸಾರ್, ಹೊಸದೇ ಹಾಕ್ಬೇಕು.” ಹೊಸದಕ್ಕೆ ಹತ್ತಾರು ಸಾವಿರ ರೂಪಾಯಿ. ದೊಡ್ಡ ಶೋರೂಮಿನಲ್ಲೂ ಇದೇ ಮಾತು, ರಸ್ತೆ ಬದಿಯ ಶೆಡ್ಡಿನಲ್ಲೂ ಇದೇ ಮಾತು. ಈ ಆತುರದ ತೀರ್ಪಿನ ಮೇಲೆಯೇ ನನ್ನ ತಕರಾರು.

ಆ ಕೋಡು ನಿಜವಾಗಿ ಹೇಳುತ್ತಿರುವುದು ಏನು? ಅದನ್ನು ಬರೆದಿಟ್ಟಿದ್ದು ಎಬಿಎಸ್ ಮಾಡ್ಯೂಲ್ ಅಲ್ಲ. ಇಂಜಿನ್ನಿನ ಕಂಪ್ಯೂಟರೋ, ಮೀಟರ್ ಬೋರ್ಡೋ, ಸ್ಟೀರಿಂಗ್ ಯೂನಿಟ್ಟೋ ಬರೆದಿಟ್ಟ ದೂರು ಅದು. “ನಾನು ಕಾಯುತ್ತಿದ್ದೆ, ಎಬಿಎಸ್ ಕಡೆಯಿಂದ ಮಾತು ಬರಲಿಲ್ಲ” ಎಂಬಷ್ಟೇ ಅದರ ಅರ್ಥ. ಊರ ಪಂಚಾಯಿತಿಗೆ ಒಬ್ಬ ಬರಲಿಲ್ಲವೆಂದರೆ ಅವನು ಸತ್ತೇಹೋದ ಎಂದು ಯಾರೂ ತಿಥಿಗೆ ಹೊರಡುವುದಿಲ್ಲ. ಹೊಳೆ ತುಂಬಿ ದಾರಿ ಕಟ್ಟಿರಬಹುದು, ಅವನಿಗೆ ಸುದ್ದಿಯೇ ಮುಟ್ಟಿಲ್ಲದಿರಬಹುದು. ಕಾರಿನ ವಿಷಯಕ್ಕೆ ಬಂದರೆ ಮಾತ್ರ ನಾವು ನೇರ ತಿಥಿಗೇ ಹೊರಟುಬಿಡುತ್ತೇವೆ.

ಕಾರಿನೊಳಗಿನ ಈ ಮಾತುಕತೆಯ ಹಿಂದೆ ಒಂದು ಚರಿತ್ರೆಯಿದೆ. ಗಕ್ಕನೆ ಬ್ರೇಕು ಹಾಕಿದಾಗ ಚಕ್ರ ಕಚ್ಚಿ ಗಾಡಿ ಜಾರದಂತೆ ತಡೆಯುವ ಎಲೆಕ್ಟ್ರಾನಿಕ್ ಎಬಿಎಸ್ ಅನ್ನು ಬಾಷ್ ಕಂಪನಿ 1978ರಲ್ಲಿ ಮರ್ಸಿಡಿಸ್ ಕಾರಿನಲ್ಲಿ ಮಾರುಕಟ್ಟೆಗೆ ತಂದಿತು. ಬೆಂಗಳೂರಿನ ಹಳಬರು ಇಂದಿಗೂ ‘ಮೈಕೋ’ ಎಂದೇ ಕರೆಯುತ್ತಾರಲ್ಲ, ಅದರ ಮೂಲ ಕಂಪನಿಯೇ ಇದು. ಆಮೇಲೆ ಗಾಡಿಯೊಳಗೆ ಕಂಪ್ಯೂಟರುಗಳು ಒಂದರ ಮೇಲೊಂದು ಸೇರಿಕೊಂಡವು. ಪ್ರತಿಯೊಂದರಿಂದ ಪ್ರತಿಯೊಂದಕ್ಕೂ ಬೇರೆ ಬೇರೆ ತಂತಿ ಎಳೆಯುತ್ತ ಹೋದರೆ ತಂತಿಯ ತೂಕವೇ ಕಾರಿಗೆ ಹೊರೆಯಾಗತೊಡಗಿತು. ಅದಕ್ಕೆ ಉತ್ತರವಾಗಿ ಅದೇ ಬಾಷ್ 1986ರ ಫೆಬ್ರುವರಿಯಲ್ಲಿ ಅಮೆರಿಕದ ಡೆಟ್ರಾಯಿಟ್‌ನ ವಾಹನ ಎಂಜಿನಿಯರುಗಳ ಸಮಾವೇಶದಲ್ಲಿ ‘ಕ್ಯಾನ್’ ಪದ್ಧತಿಯನ್ನು ಮುಂದಿಟ್ಟಿತು. ಒಂದಕ್ಕೊಂದು ಹೊಸೆದುಕೊಂಡ ಎರಡೇ ತಂತಿ. ಎಲ್ಲ ಕಂಪ್ಯೂಟರುಗಳೂ ಅದೇ ಜೋಡಿಗೆ ಕಟ್ಟಿಕೊಂಡಿರುತ್ತವೆ. ಒಬ್ಬರು ಆಡಿದ್ದನ್ನು ಎಲ್ಲರೂ ಕೇಳುತ್ತಾರೆ, ಬೇಕಾದವರು ಬೇಕಾದ್ದನ್ನು ಎತ್ತಿಕೊಳ್ಳುತ್ತಾರೆ.

ನಾಲ್ಕು ಚಕ್ರಗಳ ವೇಗವನ್ನು ಅಳೆಯುವುದು ಎಬಿಎಸ್ ಮಾಡ್ಯೂಲಿನ ಕೆಲಸ. ಅಳೆದ ವೇಗವನ್ನು ಅದು ಲೈನಿಗೆ ಹೇಳುತ್ತಲೇ ಇರುತ್ತದೆ. ಸ್ಪೀಡೋಮೀಟರ್, ಸ್ಟೀರಿಂಗ್, ಗೇರುಬಾಕ್ಸು ಎಲ್ಲ ಅದನ್ನೇ ನಂಬಿ ನಡೆಯುತ್ತವೆ. ಅದು ಸುಮ್ಮನಾದರೆ ಉಳಿದವು ಕುರುಡಾಗುತ್ತವೆ. ಬ್ರೇಕಿನ ಪೆಟ್ಟಿಗೆ ಮೌನವಾದರೆ ಸ್ಪೀಡೋಮೀಟರ್ ಯಾಕೆ ಮಲಗುತ್ತದೆ ಎಂಬುದಕ್ಕೆ ಇದೇ ಕಾರಣ. ಇದು ಗೊತ್ತಿಲ್ಲದೆ ಮೀಟರ್ ಬೋರ್ಡನ್ನೇ ಬಿಚ್ಚಿ ಹರಡಿಕೊಂಡು ಕೂತವರೂ ಇದ್ದಾರೆ.

ಈ ಪದ್ಧತಿಯಲ್ಲಿ ಮೌನಕ್ಕೂ ಒಂದು ಕಾನೂನಿದೆ. ಪ್ರತಿ ಮಾಡ್ಯೂಲು ತನ್ನ ತಪ್ಪುಗಳನ್ನು ತಾನೇ ಎಣಿಸಿಕೊಳ್ಳುತ್ತದೆ. ಕಳಿಸಿದ ಸಂದೇಶ ಕೆಟ್ಟರೆ 8 ಅಂಕ ಏರುತ್ತದೆ, ಸರಿಯಾಗಿ ಹೋದರೆ 1 ಅಂಕ ಇಳಿಯುತ್ತದೆ. ಲೆಕ್ಕ 255 ದಾಟಿದರೆ ಆ ಮಾಡ್ಯೂಲು ಉಳಿದವರ ಮಾತು ಕೆಡಿಸಬಾರದೆಂದು ತಾನಾಗಿ ಲೈನಿನಿಂದ ಹೊರಬೀಳುತ್ತದೆ. ಪರಿಸ್ಥಿತಿ ತಿಳಿಯಾದ ಮೇಲೆ ಮತ್ತೆ ಸೇರಿಕೊಳ್ಳಲೂಬಹುದು. “ಗ್ಯಾರೇಜಿಗೆ ತಂದ್ರೆ ಲೈಟೇ ಇಲ್ಲ, ಮನೆಗೆ ಹೋದ್ರೆ ಮತ್ತೆ ಬಂತು” ಎಂದು ಗಿರಾಕಿ ಗೊಣಗುವುದು ಸುಳ್ಳಲ್ಲ. ಹೊರಬಿದ್ದ ಮಾಡ್ಯೂಲು ಕೆಟ್ಟಿದೆ ಎಂದೂ ಇದರಿಂದ ಸಾಬೀತಾಗುವುದಿಲ್ಲ. ತಂತಿಯೊಂದು ಒಳಗೆ ಅಲ್ಲಾಡುತ್ತಿದ್ದರೂ ಆಗುವುದು ಇಷ್ಟೇ.

ಹಾಗಾದರೆ ಹುಡುಕುವುದು ಹೇಗೆ? ಮೊದಲ ಕೆಲಸಕ್ಕೆ ಸ್ಪ್ಯಾನರ್ ಬೇಡ, ತಾಳ್ಮೆ ಸಾಕು. ಒಂದು ಮಾಡ್ಯೂಲಿನ ಕೋಡು ಓದಿ ಅಲ್ಲಿಗೇ ನಿಲ್ಲಿಸಬಾರದು, ಗಾಡಿಯ ಎಲ್ಲ ಮಾಡ್ಯೂಲುಗಳನ್ನೂ ಓದಿಸಿ ಯಾರ ಮೇಲೆ ಯಾರು ದೂರಿದ್ದಾರೆಂದು ಕಾಗದದ ಮೇಲೆ ಬರೆದುಕೊಳ್ಳಬೇಕು. ಎಲ್ಲರೂ ಎಬಿಎಸ್ ಮೇಲೆ ದೂರಿದ್ದು, ಸ್ಕ್ಯಾನರ್ ಕರೆದರೂ ಎಬಿಎಸ್ ಓಗೊಡದಿದ್ದರೆ ಅದರ ಕರೆಂಟು, ಅರ್ಥು ಇಲ್ಲವೇ ಅದಕ್ಕೆ ಹೋಗುವ ಕವಲು ತಂತಿಯ ಮೇಲೆ ಅನುಮಾನ. ಒಬ್ಬನೇ ದೂರುತ್ತಿದ್ದರೆ ದೂರಿದವನನ್ನೇ ಮೊದಲು ನೋಡಬೇಕು. ಎಲ್ಲರೂ ಎಲ್ಲರ ಮೇಲೆ ದೂರಿದ್ದರೆ ಮುಖ್ಯ ಲೈನೇ ಕೆಟ್ಟಿದೆ. ಎಬಿಎಸ್ ಈಗ ಚೆನ್ನಾಗಿ ಮಾತಾಡುತ್ತಿದ್ದು, ಬೇರೆಯವರಲ್ಲಿ ಹಳೆಯ ದೂರು ಮಾತ್ರ ಉಳಿದಿದ್ದರೆ ಬ್ಯಾಟರಿಯ ಕಡೆ ತಿರುಗಬೇಕು. ಸೋತ ಬ್ಯಾಟರಿಯಲ್ಲಿ ಸೆಲ್ಫು ಹೊಡೆದಾಗ ವೋಲ್ಟೇಜು ಕುಸಿದು ಕಂಪ್ಯೂಟರುಗಳು ಕ್ಷಣಕಾಲ ಕಣ್ಣು ಮುಚ್ಚುತ್ತವೆ. ಪರಸ್ಪರ ದೂರುಗಳು ಆಗ ಸಾಲುಸಾಲಾಗಿ ದಾಖಲಾಗುತ್ತವೆ. ಹೊಸ ಬ್ಯಾಟರಿ ಹಾಕಿ ಕೋಡು ಅಳಿಸಿದರೆ ಮುಗಿಯುವ ಕಾಯಿಲೆಗೆ ಹೃದಯದ ಆಪರೇಷನ್ ಬರೆದುಕೊಟ್ಟ ಎಸ್ಟಿಮೇಟುಗಳನ್ನು ನಾನು ಓದಿದ್ದೇನೆ.

ಇನ್ನು ಕರೆಂಟು ಮತ್ತು ಅರ್ಥು. ನನ್ನ ಪ್ರಕಾರ ಇಡೀ ಪತ್ತೇದಾರಿಯ ತಿರುಳು ಇಲ್ಲಿದೆ. ಎಬಿಎಸ್ ಪೆಟ್ಟಿಗೆಗೆ ಸಾಮಾನ್ಯವಾಗಿ ಎರಡು ದಪ್ಪ ಫ್ಯೂಸುಗಳು ಇರುತ್ತವೆ, ಒಂದು ಪಂಪಿನ ಮೋಟಾರಿಗೆ, ಇನ್ನೊಂದು ವಾಲ್ವುಗಳಿಗೆ. ಜೊತೆಗೆ ಕೀ ತಿರುಗಿಸಿದಾಗ ಎಚ್ಚರಿಸುವ ಸಣ್ಣ ಫ್ಯೂಸೊಂದು. ಸಣ್ಣದು ಹೋದರೂ ಪೆಟ್ಟಿಗೆ ಏಳುವುದಿಲ್ಲ. ಫ್ಯೂಸು ಚೆನ್ನಾಗಿದೆ ಎಂದು ಕಣ್ಣಲ್ಲಿ ನೋಡಿ ಮುಂದೆ ಹೋಗುವುದು ತಪ್ಪು, ಅದರ ಎರಡೂ ಬದಿಯಲ್ಲಿ ವೋಲ್ಟೇಜು ಇದೆಯೇ ಎಂದು ಮುಟ್ಟಿ ನೋಡಬೇಕು. ಆಮೇಲೆ ತಂತಿಗಳನ್ನು ಪೆಟ್ಟಿಗೆಗೆ ಜೋಡಿಸುವ ಕಪ್ಲರ್ ಬಿಚ್ಚಿ ಒಳಗೆ ಹಸಿರು ಕಿಲುಬು ಕೂತಿದೆಯೇ, ನೀರು ನಿಂತಿದೆಯೇ, ಪಿನ್ನು ಹಿಂದಕ್ಕೆ ಸರಿದಿದೆಯೇ ಎಂದು ಬೆಳಕು ಹಿಡಿದು ನೋಡಬೇಕು.

ಅರ್ಥಿನ ವಿಷಯದಲ್ಲಿ ಮಲ್ಟಿಮೀಟರ್ ‘ಬೀಪ್’ ಎಂದರೆ ಸಾಕು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಹತ್ತಾರು ಎಳೆಯ ತಂತಿಯಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರು ಬೀಪ್ ಅನ್ನುತ್ತದೆ. ಆದರೆ ಪಂಪು ತಿರುಗಲು ಹತ್ತಾರು ಆಂಪಿಯರ್ ಬೇಕು, ಆ ಒಂದೆಳೆಯಲ್ಲಿ ಅದು ಹರಿಯುವುದಿಲ್ಲ. ಹಳೆಯ ಕಾಲದ ಎಲೆಕ್ಟ್ರಿಷಿಯನ್ನರ ಉಪಾಯವೇ ಇಲ್ಲಿ ಮೇಲು. ಒಂದು ಹೆಡ್‌ಲೈಟ್ ಬಲ್ಬನ್ನು ಬಿಚ್ಚಿದ ಕಪ್ಲರಿನ ಕರೆಂಟು ಪಿನ್ನಿಗೂ ಅರ್ಥು ಪಿನ್ನಿಗೂ ನಡುವೆ ಹಿಡಿದರೆ ಸುಮಾರು 5 ಆಂಪಿಯರ್ ಎಳೆಯುತ್ತದೆ. ಬಲ್ಬು ಪೂರ್ತಿ ಬೆಳಗಿದರೆ ಎರಡೂ ತಂತಿ ಗಟ್ಟಿ. ಮಂಕಾಗಿ ಉರಿದರೆ ಎಲ್ಲೋ ಕಳ್ಳನಿದ್ದಾನೆ. ಆ ಭಾರ ಇರುವಾಗಲೇ ಕಪ್ಲರಿನ ಅರ್ಥು ಪಿನ್ನಿಗೂ ಬ್ಯಾಟರಿಯ ಮೈನಸ್ಸಿಗೂ ಮೀಟರು ಇಟ್ಟು ನೋಡಿ. 0.1 ವೋಲ್ಟಿನ ಆಸುಪಾಸಿನಲ್ಲಿದ್ದರೆ ಸರಿ. ಅರ್ಧ ವೋಲ್ಟು, ಒಂದು ವೋಲ್ಟು ತೋರಿಸಿದರೆ ಅರ್ಥು ಬೋಲ್ಟಿನ ಬುಡ ತುಕ್ಕು ಹಿಡಿದಿದೆ ಎಂದೇ ಲೆಕ್ಕ. ಬೋಲ್ಟು ಬಿಚ್ಚಿ, ಮರಳು ಕಾಗದದಲ್ಲಿ ತಿಕ್ಕಿ, ಮತ್ತೆ ಬಿಗಿ ಮಾಡಿದರೆ ಕೆಲಸ ಮುಗಿಯುತ್ತದೆ. ಕೂಲಿ ಬಿಟ್ಟರೆ ಖರ್ಚೇನಿಲ್ಲ. ಒಂದು ಎಚ್ಚರಿಕೆ: ದಪ್ಪ ಮೊಳೆಯಂಥ ಪ್ರೋಬನ್ನು ಪಿನ್ನಿನ ತೂತಿಗೆ ತುರುಕಬಾರದು. ತೂತು ಅಗಲವಾಗಿ, ಇಲ್ಲದ ಹೊಸ ರೋಗ ಅಂಟಿಕೊಳ್ಳುತ್ತದೆ.

ಕರೆಂಟೂ ಅರ್ಥೂ ಸರಿ ಎಂದಾದ ಮೇಲಷ್ಟೇ ಮಾತಿನ ತಂತಿಗಳ ಸರದಿ. ಇಲ್ಲಿ ನೆನಪಿಡಬೇಕಾದ ಸಂಖ್ಯೆ 60. ಕ್ಯಾನ್ ಲೈನಿನ ಎರಡು ತುದಿಗಳಲ್ಲಿ 120 ಓಂನ ಒಂದೊಂದು ರೆಸಿಸ್ಟರ್ ಇರುತ್ತದೆ. ಎರಡೂ ಸಮಾಂತರವಾಗಿ ಸೇರಿ 60 ಆಗುತ್ತದೆ. ಸ್ಟೀರಿಂಗಿನ ಕೆಳಗೆ ಸ್ಕ್ಯಾನರ್ ಚುಚ್ಚುವ 16 ಪಿನ್ನಿನ ಕಪ್ಲರಿದೆಯಲ್ಲ, ಅದರ 6 ಮತ್ತು 14ನೇ ಪಿನ್ನುಗಳೇ ಆ ಜೋಡಿ ತಂತಿ. ಬ್ಯಾಟರಿ ಕಳಚಿ ಆ ಎರಡರ ನಡುವೆ ಓಂ ಅಳೆಯಬೇಕು. 60ರ ಹತ್ತಿರ ಬಂದರೆ ತುದಿಯಿಂದ ತುದಿಗೆ ಲೈನು ಸರಿಯಿದೆ. 120 ಬಂದರೆ ಒಂದು ತುದಿ ಕಡಿದುಹೋಗಿದೆ. ಸೊನ್ನೆಯ ಹತ್ತಿರ ಬಂದರೆ ಎರಡು ತಂತಿಗಳು ಒಂದಕ್ಕೊಂದು ತಗುಲಿಕೊಂಡಿವೆ. 40 ಬಂದರೆ ಯಾರೋ ಮೂರನೆಯ ರೆಸಿಸ್ಟರ್ ಇರುವ ಯಾವುದೋ ಪೆಟ್ಟಿಗೆಯನ್ನು ತಂದು ಜೋಡಿಸಿದ್ದಾರೆ. ಕೆಲವು ಗಾಡಿಗಳಲ್ಲಿ ಆ ತುದಿಯ ರೆಸಿಸ್ಟರ್ ಎಬಿಎಸ್ ಪೆಟ್ಟಿಗೆಯ ಒಳಗೇ ಇರುತ್ತದೆ. ಅಂಥಲ್ಲಿ ಅದರ ಕಪ್ಲರ್ ಬಿಚ್ಚಿದರೆ 120 ತೋರಿಸುವುದು ಸಹಜ, ಅದನ್ನು ನೋಡಿ ಗಾಬರಿಯಾಗಬೇಕಿಲ್ಲ. ಇನ್ನು ಕೆಲವು ಹೊಸ ಗಾಡಿಗಳಲ್ಲಿ ನಡುವೆ ‘ಗೇಟ್‌ವೇ’ ಎಂಬ ಬಾಗಿಲು ಕಾಯುವ ಕಂಪ್ಯೂಟರ್ ಇದ್ದು, 6 ಮತ್ತು 14ರಲ್ಲಿ ಅಳೆದದ್ದು ಎಬಿಎಸ್ ಲೈನಿಗೆ ಸಂಬಂಧವೇ ಪಡುವುದಿಲ್ಲ. ಆ ಗಾಡಿಯ ವೈರಿಂಗ್ ನಕ್ಷೆ ಕೈಯಲ್ಲಿಲ್ಲದೆ ಇಂಥ ಕೆಲಸಕ್ಕೆ ಇಳಿಯಬಾರದೆಂದು ಹೇಳುವುದು ಇದಕ್ಕೇ.

ಬ್ಯಾಟರಿ ಮತ್ತೆ ಜೋಡಿಸಿ ಕೀ ತಿರುಗಿಸಿದರೆ ಎರಡೂ ತಂತಿಗಳು 2.5 ವೋಲ್ಟಿನ ಸುತ್ತ ಆಡುತ್ತಿರಬೇಕು. ಮಾತಾಡುವಾಗ ಒಂದು 3.5ಕ್ಕೆ ಏರುತ್ತದೆ, ಇನ್ನೊಂದು 1.5ಕ್ಕೆ ಇಳಿಯುತ್ತದೆ. ಮಾಮೂಲಿ ಮೀಟರಿಗೆ ಈ ವೇಗ ಹಿಡಿಯಲಾಗದು, ಅದು ಸರಾಸರಿ ಮಾತ್ರ ತೋರಿಸುತ್ತದೆ. ಹಾಗಾಗಿ ಒಂದರಲ್ಲಿ 2.5ಕ್ಕಿಂತ ತುಸು ಹೆಚ್ಚು, ಇನ್ನೊಂದರಲ್ಲಿ ತುಸು ಕಡಿಮೆ ಕಾಣುತ್ತದೆ. ಒಂದು ತಂತಿ 12 ವೋಲ್ಟು ಇಲ್ಲವೇ ಸೊನ್ನೆ ತೋರಿಸಿದರೆ ಅದು ಬೇರೆಲ್ಲೋ ತಗುಲಿದೆ. ಆಗ ಮಾಡ್ಯೂಲುಗಳ ಕಪ್ಲರನ್ನು ಒಂದೊಂದಾಗಿ ಬಿಚ್ಚುತ್ತ ಹೋಗಬೇಕು. ಯಾವುದನ್ನು ಬಿಚ್ಚಿದಾಗ ಲೈನು ಜೀವ ತಳೆಯುತ್ತದೋ ಅದೇ ಅಪರಾಧಿ, ಅಥವಾ ಅದಕ್ಕೆ ಹೋಗುವ ತಂತಿ.

ಹೋಗಲಿ, ಈ ತಂತಿಗಳು ಕೆಡುವುದಾದರೂ ಯಾಕೆ? ಮಲವಗೊಪ್ಪದ ಗಾಡಿಗಳು ಮಲವಗೊಪ್ಪದಲ್ಲೇ ಇರುವುದಿಲ್ಲ. ಮಳೆಗಾಲದಲ್ಲಿ ತೀರ್ಥಹಳ್ಳಿ, ಹೊಸನಗರ, ಆಗುಂಬೆಯ ಕಡೆ ಓಡುತ್ತವೆ. ಎಬಿಎಸ್ ಪೆಟ್ಟಿಗೆ ಕೂತಿರುವುದು ಬಾನೆಟ್ಟಿನ ಒಳಗೆ. ಅದರ ಕಪ್ಲರಿನ ರಬ್ಬರು ಒಮ್ಮೆ ಜಾಗ ಬಿಟ್ಟಿತೆಂದರೆ ತೇವ ಒಳಗಿಳಿಯುತ್ತದೆ. ಮಳೆಗಿಂತ ಕೇಡು ನಮ್ಮ ವಾಟರ್ ಸರ್ವೀಸಿನದು. ಇಂಜಿನ್ ಥಳಥಳ ಹೊಳೆಯಬೇಕೆಂದು ಒತ್ತಡದ ನೀರನ್ನು ಕಪ್ಲರುಗಳ ಮೇಲೇ ಬಿಡುತ್ತಾರೆ. ಮಾಲೀಕರು ಪಕ್ಕದಲ್ಲಿ ನಿಂತು ಸಂತೋಷಪಡುತ್ತಾರೆ.

ಇಲಿಗಳ ಕಥೆ ಬೇರೆಯೇ. ಅಡಿಕೆ, ಭತ್ತ ಹಾಕಿಟ್ಟ ಕೊಟ್ಟಿಗೆಯ ಪಕ್ಕ ಕಾರು ನಿಲ್ಲಿಸುವ ಮನೆಗಳಲ್ಲಿ ಇಂಜಿನ್ನಿನ ಬಿಸಿ ಹುಡುಕಿಕೊಂಡು ಅವು ಬಾನೆಟ್ಟಿಗೆ ಏರುತ್ತವೆ. ಹೊಸೆದ ಜೋಡಿ ತಂತಿಯಲ್ಲಿ ಒಂದನ್ನು ಕಡಿದರೂ ಸಾಕು. ಕಡಿದ ಜಾಗಕ್ಕೆ ಟೇಪು ಸುತ್ತಿ ಕಳಿಸುವ ಅಭ್ಯಾಸ ನಮ್ಮಲ್ಲಿದೆ. ಕ್ಯಾನ್ ತಂತಿಗೆ ಅದು ಸಾಲದು. ಬೆಸುಗೆ ಹಾಕಿ, ನೀರು ಹೋಗದ ಕೊಳವೆ ಕುಗ್ಗಿಸಿ, ಎರಡೂ ತಂತಿಗಳನ್ನು ಮತ್ತೆ ಮೊದಲಿನಂತೆ ಹೊಸೆಯಬೇಕು. ಆ ಹೊಸೆತವೇ ಹೊರಗಿನ ವಿದ್ಯುತ್ ಗದ್ದಲವನ್ನು ತಡೆಯುವ ಬೇಲಿ.

ತುಕ್ಕಿನ ಕೈವಾಡ ದೊಡ್ಡ ಕಂಪನಿಗಳನ್ನೂ ಬಿಟ್ಟಿಲ್ಲ. ಅಮೆರಿಕದಲ್ಲಿ ಚಳಿಗಾಲದ ರಸ್ತೆಗೆ ಉಪ್ಪು ಸುರಿಯುವ ರಾಜ್ಯಗಳಲ್ಲಿ, ಚಕ್ರದ ವೇಗದ ಸೆನ್ಸರ್ ಕೂರುವ ಜಾಗ ತುಕ್ಕು ಹಿಡಿದು ಎಬಿಎಸ್ ಬೇಡದ ಹೊತ್ತಿನಲ್ಲಿ ಕೆಲಸ ಮಾಡಿತೆಂದು ಜನರಲ್ ಮೋಟಾರ್ಸ್ 2005ರಲ್ಲಿ ಸುಮಾರು 8 ಲಕ್ಷ ಪಿಕಪ್ ಮತ್ತು ಎಸ್‌ಯುವಿ ಗಾಡಿಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಅಲ್ಲಿ ಮಾಡ್ಯೂಲು ಸರಿಯಾಗಿಯೇ ಇತ್ತು, ಅದಕ್ಕೆ ಬರುತ್ತಿದ್ದ ಸುದ್ದಿ ಮಾತ್ರ ಸುಳ್ಳಾಗಿತ್ತು. ಸೆನ್ಸರಿನ ದೂರುಗಳು ‘ಸಿ’ ಅಕ್ಷರದಿಂದ ಶುರುವಾಗುತ್ತವೆ, ಮುಂದಿನ ಎಡಚಕ್ರದ್ದು ‘ಸಿ 0035’. ಅಂಥ ಕೋಡು ಎಬಿಎಸ್ ಮಾಡ್ಯೂಲಿನೊಳಗಿಂದ ಸಿಕ್ಕಿತೆಂದರೆ ಅದು ಬದುಕಿದೆ, ಮಾತಾಡುತ್ತಿದೆ ಎಂದೇ ಅರ್ಥ.

ನಾವೇ ಮೈಮೇಲೆ ಎಳೆದುಕೊಳ್ಳುವ ತೊಂದರೆಗಳೂ ಕಡಿಮೆಯಿಲ್ಲ. ಹೆಚ್ಚುವರಿ ಲೈಟು, ಹಾರನ್ನು, ಹಿಂಬದಿ ಕ್ಯಾಮೆರಾ, ಜಿಪಿಎಸ್ ಎಂದು ಸಿಕ್ಕ ತಂತಿಗೆ ಬ್ಲೇಡು ಹಾಕಿ ಕರೆಂಟು ಕದಿಯುತ್ತಾರೆ. ಲಾರಿಗಳ ಬಾಡಿ ಕಟ್ಟುವಲ್ಲಿ ಬ್ಯಾಟರಿ ಕಳಚದೆ ವೆಲ್ಡಿಂಗ್ ಹೊಡೆಯುತ್ತಾರೆ. ವೆಲ್ಡಿಂಗಿನ ಕರೆಂಟು ಚಾಸಿಗುಂಟ ಹರಿದು ಯಾವ ಮಾಡ್ಯೂಲಿನ ಹೊಟ್ಟೆ ಹೊಗುತ್ತದೋ ಯಾರು ಬಲ್ಲರು! ಭಾರತದಲ್ಲಿ 2015ರಿಂದ ಭಾರೀ ಟ್ರಕ್ಕು, ಬಸ್ಸುಗಳಿಗೂ 2019ರ ಏಪ್ರಿಲ್‌ನಿಂದ ಎಲ್ಲ ಹೊಸ ಕಾರುಗಳಿಗೂ ಎಬಿಎಸ್ ಕಡ್ಡಾಯ. ಎಂದರೆ ಈ ಪೆಟ್ಟಿಗೆ ಇಲ್ಲದ ಗಾಡಿ ಇನ್ನು ಬಿ.ಎಚ್. ರಸ್ತೆಗೆ ಅಪರೂಪವಾಗಲಿದೆ. ಲಾರಿಗಳ ಲೈನಿಗೆ ಜೆ 1939 ಎಂಬ ಬೇರೆ ಭಾಷೆಯಿದೆ, ಕಪ್ಲರಿನ ಆಕಾರ ಬೇರೆ, ಕೋಡುಗಳ ರೀತಿ ಬೇರೆ. ತಂತಿಯ ಧರ್ಮ ಮಾತ್ರ ಅದೇ, ಅಲ್ಲಿಯೂ 60 ಓಂ.

ಹೆಚ್ಚು ಕಷ್ಟದಲ್ಲಿರುವವರು ಷೆವರ್ಲೆ ಕಾರಿನವರು. ಷೆವರ್ಲೆ ಜನರಲ್ ಮೋಟಾರ್ಸ್ ಕಂಪನಿಯದು. ಆ ಕಂಪನಿ 2017ರ ಕೊನೆಗೆ ಭಾರತದಲ್ಲಿ ಕಾರು ಮಾರುವುದನ್ನೇ ನಿಲ್ಲಿಸಿತು. ಬೀಟ್, ಕ್ರೂಜ್, ತವೇರಾ ಕೊಂಡವರ ಬಳಿ ಗಾಡಿಗಳು ಉಳಿದವು. ಹೊಸ ಮಾಡ್ಯೂಲು ಸುಲಭಕ್ಕೆ ಸಿಗದಾಗ ಗುಜರಿಯಿಂದ ಬಿಚ್ಚಿದ್ದನ್ನು ತಂದು ಹಾಕುವುದೊಂದೇ ದಾರಿಯಂತೆ ಕಾಣುತ್ತದೆ. ಆದರೆ ಅದು ಬೇರೊಂದು ಕಾರಿನ ಜಾತಕ ಹೊತ್ತು ಬಂದಿರುತ್ತದೆ. ಎಷ್ಟೋ ಗಾಡಿಗಳಲ್ಲಿ ಅದಕ್ಕೆ ಈ ಕಾರಿನ ನಂಬರು, ಟೈರಿನ ಅಳತೆ, ಮಾದರಿಯ ವಿವರವನ್ನು ಮತ್ತೆ ಬರೆಯಬೇಕು. ಪೈಪು ಬಿಚ್ಚಿದ್ದರೆ ಒಳಗಿನ ಗಾಳಿ ತೆಗೆಯಲು ಸ್ಕ್ಯಾನರಿನಿಂದಲೇ ವಾಲ್ವು ತೆರೆಯಿಸಬೇಕಾಗಬಹುದು. ಬರೇ ಕಪ್ಲರ್ ಚುಚ್ಚಿ “ಲೈಟ್ ಹೋಯ್ತು, ತಗೊಂಡ್ ಹೋಗಿ” ಎಂದು ಕಳಿಸಿಬಿಡುವುದು ಬ್ರೇಕಿನ ವಿಷಯದಲ್ಲಿ ಅಪರಾಧಕ್ಕೆ ಸಮ.

ಹಾಗೆಂದು ಮಾಡ್ಯೂಲು ಕೆಡುವುದೇ ಇಲ್ಲ ಎಂದು ನಾನು ವಾದಿಸುತ್ತಿಲ್ಲ. ಬಿಸಿ, ತಂಪು, ಕುಲುಕಾಟಕ್ಕೆ ಸಿಕ್ಕಿ ವರ್ಷಾನುಗಟ್ಟಲೆ ದುಡಿದ ಪೆಟ್ಟಿಗೆಯೊಳಗೆ ಕೂದಲೆಳೆಯಂಥ ಬೆಸುಗೆಗಳು ಬಿಟ್ಟುಕೊಳ್ಳುತ್ತವೆ. 2023ರ ಸೆಪ್ಟೆಂಬರಿನಲ್ಲಿ ಹ್ಯುಂಡೈ ಮತ್ತು ಕಿಯಾ ಅಮೆರಿಕದಲ್ಲಿ 30 ಲಕ್ಷಕ್ಕೂ ಮೀರಿದ ಗಾಡಿಗಳನ್ನು ಹಿಂದಕ್ಕೆ ಕರೆದಿದ್ದು ಎಬಿಎಸ್ ಯೂನಿಟ್ಟಿನೊಳಗೆ ಬ್ರೇಕ್ ಆಯಿಲ್ ಸೋರಿ ಶಾರ್ಟ್ ಆಗಿ ಬೆಂಕಿ ಹತ್ತಬಹುದೆಂಬ ಭಯಕ್ಕೆ. ಕರೆಂಟು ಬರುತ್ತಿದೆ, ಅರ್ಥು ಗಟ್ಟಿಯಿದೆ, 60 ಓಂ ಇದೆ, ಕವಲು ತಂತಿ ಕಡಿದಿಲ್ಲ, ಕಪ್ಲರ್ ಒಣಗಿದೆ, ಆದರೂ ಪೆಟ್ಟಿಗೆ ಮಾತಾಡುತ್ತಿಲ್ಲ ಎಂದರೆ ಆಗ ಅದು ಕೆಟ್ಟಿದೆ. ಈ ತೀರ್ಪು ಬರಬೇಕಾದದ್ದು ಕೊನೆಯಲ್ಲಿ. ನಮ್ಮಲ್ಲಿ ಅದು ಮೊದಲಲ್ಲೇ ಬಂದುಬಿಡುತ್ತದೆ.

ಅದಕ್ಕೆ ಕೂಲಿಯ ಲೆಕ್ಕವೂ ಕಾರಣ. ಒಂದು ಅರ್ಥು ಬೋಲ್ಟು ಹುಡುಕಲು ಎಲೆಕ್ಟ್ರಿಷಿಯನ್ ಅರ್ಧ ದಿನ ಬೆವರು ಸುರಿಸುತ್ತಾನೆ. ಕೊನೆಗೆ “ಒಂದ್ ಬೋಲ್ಟ್ ಟೈಟ್ ಮಾಡಿದ್ದಕ್ಕೆ ಇಷ್ಟಾ?” ಎಂದು ನಾವು ಜಗಳಕ್ಕೆ ನಿಲ್ಲುತ್ತೇವೆ. ಅದೇ ಹೊಸ ಮಾಡ್ಯೂಲಿನ ಡಬ್ಬ ತೋರಿಸಿದರೆ ತುಟಿಪಿಟಿಕ್ಕೆನ್ನದೆ ಹಣ ಎಣಿಸುತ್ತೇವೆ. ಸಾಮಾನಿಗೆ ದುಡ್ಡು ಕೊಡುವ ಗಿರಾಕಿ ಬುದ್ಧಿಗೆ ಕೊಡಲಾರ ಎಂದು ಗೊತ್ತಾದ ಮೇಲೆ ಗ್ಯಾರೇಜಿನವರು ಸಾಮಾನನ್ನೇ ಮಾರುತ್ತಾರೆ. ಇದರಲ್ಲಿ ಅವರ ತಪ್ಪೆಷ್ಟು, ನಮ್ಮದೆಷ್ಟು?

ದೀಪಗಳ ಬಗ್ಗೆ ಒಂದು ಮಾತು. ಹಳದಿ ಎಬಿಎಸ್ ದೀಪ ಮಾತ್ರ ಉರಿಯುತ್ತಿದ್ದರೆ ಮಾಮೂಲಿ ಬ್ರೇಕು ಇದೆ, ಚಕ್ರ ಕಚ್ಚದಂತೆ ತಡೆಯುವ ಸಹಾಯ ಇಲ್ಲ. ನಿಧಾನವಾಗಿ, ಮುಂದಿನ ಗಾಡಿಯಿಂದ ದೂರ ಇಟ್ಟುಕೊಂಡು ಗ್ಯಾರೇಜಿಗೆ ತಲುಪಬಹುದು. ಹಳದಿಯ ಜೊತೆ ಕೆಂಪು ಬ್ರೇಕ್ ದೀಪವೂ ಉರಿಯುತ್ತಿದ್ದು, ಹ್ಯಾಂಡ್‌ಬ್ರೇಕು ಇಳಿಸಿದ ಮೇಲೂ ಆರದಿದ್ದರೆ ವಿಷಯ ಬೇರೆ. ಹಿಂದಿನ ಚಕ್ರಗಳಿಗೆ ಎಷ್ಟು ಬ್ರೇಕು ಹೋಗಬೇಕೆಂದು ಹಂಚುವ ಕೆಲಸವನ್ನೂ ಇದೇ ಪೆಟ್ಟಿಗೆ ಮಾಡುತ್ತದೆ. ಅದೂ ನಿಂತಿದ್ದರೆ ಜೋರಾಗಿ ತುಳಿದಾಗ ಹಿಂದಿನ ಚಕ್ರ ಮೊದಲು ಕಚ್ಚಿ ಗಾಡಿ ಅಡ್ಡ ತಿರುಗಬಹುದು. ಬ್ರೇಕ್ ಆಯಿಲ್ ಕಡಿಮೆಯಾದರೂ ಅದೇ ಕೆಂಪು ದೀಪ. ಎರಡೂ ದೀಪ ಒಟ್ಟಿಗೆ ಕಂಡರೆ ಗಾಡಿ ಬದಿಗೆ ನಿಲ್ಲಿಸಿ, ಟೋ ಮಾಡಿಸಿ.

ಗ್ಯಾರೇಜಿನಲ್ಲಿ ಯಾರಾದರೂ ಎಬಿಎಸ್ ಮಾಡ್ಯೂಲ್ ಬದಲಿಸಬೇಕೆಂದರೆ ಒಪ್ಪಿಗೆ ಕೊಡುವ ಮೊದಲು ಮೂರು ಅಳತೆ ಕೇಳಿ: ಕಪ್ಲರಿನಲ್ಲಿ ಭಾರ ಹಾಕಿದಾಗ ಬಂದ ವೋಲ್ಟೇಜು ಎಷ್ಟು, ಅರ್ಥಿನಲ್ಲಿ ಕಳೆದುಹೋದದ್ದು ಎಷ್ಟು, ಕ್ಯಾನ್ ಲೈನಿನ ಓಂ ಎಷ್ಟು. ಎಸ್ಟಿಮೇಟಿನ ಮೇಲೆ ಆ ಮೂರನ್ನೂ ಬರೆಯಿಸಿಕೊಳ್ಳಿ. ಬರೆದುಕೊಟ್ಟವರಿಗೆ ಹುಡುಕಾಟದ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿ. ಅಳೆದೇ ಇಲ್ಲ ಎಂದರೆ ಗಾಡಿಯನ್ನು ಬೇರೆ ಕಡೆ ತೋರಿಸಿ.